ಮೂಡಣಕ್ಕೆ ಮುಖ ಮಾಡಿದ ದೋಣಿ

ಹೇಳುವುದಾದರೆ ಈಗಲೇ ಹೇಳಿಬಿಡಬೇಕೋ, ದೋಣಿ ಹೊರಟ ಮೇಲೆ ಹೇಳಿದರಾದೀತೋ? ಈಗ ಹೇಳಿದರೆ, ಪಾತ್ರೆ ಡಬ್ಬಗಳನ್ನು ದೋಣಿಗೆ ಸಾಗಿಸುವ ಗಡಿಬಿಡಿಯಲ್ಲಿ ಗೀತಾ ಅರ್ಧ ಕೇಳಿಸಿಕೊಂಡು ‘ಹೂಂ, ಆಮೇಲೆ’ ಅಂದುಬಿಡಬಹುದು. ಆಮೇಲೆ ಹೇಳಿದರೆ, ಇಷ್ಟು ದಿನ ಯಾಕೆ ಸುಮ್ಮನಿದ್ರಿ ಎಂದು ಕೇಳಬಹುದು. ಅಥವಾ ಹೇಳದೆಯೇ ಅವಳಿಗೆ ಗೊತ್ತಿರಬಹುದಲ್ಲವೆ? ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಮನಸ್ಸು ಗೊತ್ತಿರುವುದಿಲ್ಲವೆ? ಗೊತ್ತಿದ್ದರೆ ಮತ್ತೆ ಬಾಯಿಬಿಟ್ಟು ಹೇಳಿ ಏನು ಪ್ರಯೋಜನ? ಗೊತ್ತಿಲ್ಲದಿದ್ದರೆ, ಹೇಳಿದ ಮಾತ್ರಕ್ಕೆ ಗೊತ್ತಾಗಿಬಿಡುತ್ತದೆಯೆ?

ಹೇಮಚಂದ್ರನ ಯೋಚನೆ ಇಲ್ಲಿಗೆ ಬಂದು ನಿಂತಾಗ, ಎರಡು ಮೀಟರ್ ದೂರದಲ್ಲಿ ಮಾಸ್ಕ್ ಹಾಕಿಕೊಂಡು ನಿಂತಿದ್ದ ದೋಣಿ ಬಾಡಿಗೆಯವನು, ಎಲ್ಲಾ ಅರ್ಥವಾಯಿತಾ ಎಂದು ಇಂಗ್ಲಿಷಿನಲ್ಲಿ ಕೇಳಿದ.

“ಗ್ರ್ಯಾಂಡ್,” ಎಂದ ಹೇಮಚಂದ್ರ.

ಎಲ್ಲಾ ಸರಿ ಎನ್ನುವುದಕ್ಕೆ ಐರ್ಲೆಂಡಿನವರು ಹಾಗೆನ್ನುತ್ತಾರೆ. ಅರ್ಥವಾಗಿದ್ದು ಮಾತ್ರ ಅಷ್ಟಕ್ಕಷ್ಟೆ. ದೋಣಿ ನಡೆಸುವ ಪಾಠವನ್ನೆಲ್ಲ ಆತ ದಡದ ಮೇಲೆ ನಿಂತು, ಮಾಸ್ಕಿನ ಒಳಗಿನಿಂದ, ಶ್ಯಾನನ್ ನದಿಯ ಗಾಳಿಗೆ ಎದುರಾಗಿ ಹೇಳಿದ್ದ. ಕೊರೊನಾದ ನಿಯಮದಂತೆ ಅವನು ದೋಣಿಯೊಳಗೆ ಕಾಲಿಡುವಂತಿರಲಿಲ್ಲ. ಕೆಂಪು ಕಂಬದ ಬಗ್ಗೆ ಏನೋ, ಹಸಿರು ಕಂಬದ ಬಗ್ಗೆ ಇನ್ನೇನೋ, ಜೊಂಡಿನ ಹತ್ತಿರ ಹೋಗಬೇಡಿ ಎಂದೋ, ಹೋದರೂ ಪರವಾಗಿಲ್ಲ ಎಂದೋ ಹೇಳಿದಂತಿತ್ತು. ಇನ್ನೊಮ್ಮೆ ಹೇಳಿ ಎಂದು ಕೇಳಬಹುದಿತ್ತು. ಕೇಳುವ ಜಾಯಮಾನ ಹೇಮಚಂದ್ರನದಲ್ಲ.

ನಿಜ ಹೇಳಬೇಕೆಂದರೆ ಅವರು ಬರಬೇಕಾಗಿದ್ದದ್ದು ಈ ದೋಣಿಗೇ ಅಲ್ಲ. ಗೀತಾಳಿಗೆ ಮೊದಲಿಂದಲೂ ಉತ್ತರದ ಕಡಲಿನ ಹುಚ್ಚು. ದಾವಣಗೆರೆಯ ಬಿಸಿಲಲ್ಲಿ ಬೆಳೆದು ಡಾಕ್ಟರಾದವಳು, ಹಿಮ, ಬಂಡೆ, ನೀರು ಬಿಟ್ಟರೆ ಬೇರೇನೂ ಇಲ್ಲದ ಕಡೆ ಒಂದು ವಾರ ಸುಮ್ಮನೆ ಕೂರಬೇಕು ಎಂದು ಮದುವೆಯಾದ ಹೊಸದರಲ್ಲೇ ಹೇಳಿದ್ದಳು. ಹೇಮಚಂದ್ರ ಅದನ್ನು ಮರೆಯದೆ, ನಾರ್ವೆಯ ಉತ್ತರದ ತುದಿಗೆ ಹೋಗುವ ದೊಡ್ಡ ಹಡಗಿನಲ್ಲಿ ಇಡೀ ಸಂಸಾರಕ್ಕೆ ಜಾಗ ಕಾದಿರಿಸಿದ. ಅದು ಎರಡು ಸಾವಿರದ ಇಪ್ಪತ್ತರ ಜನವರಿ. ಮಾರ್ಚಿನಲ್ಲಿ ಜಗತ್ತಿಗೇ ಬೀಗ ಬಿತ್ತು. ಹಡಗು ಹೋಗಲಿಲ್ಲ. ಮರುವರ್ಷವೂ ಹೋಗಲಿಲ್ಲ. ಈಗ ಇಪ್ಪತ್ತೊಂದರ ಜುಲೈನಲ್ಲಿ, ದೇಶದೊಳಗೆ ಓಡಾಡಬಹುದು ಎಂದು ಸರ್ಕಾರ ಹೇಳಿದ ಮೇಲೆ, ಐರ್ಲೆಂಡಿನ ಉತ್ತರಕ್ಕಾದರೂ ಹೋಗೋಣ ಎಂದು ಅವನು ಕ್ಯಾರಿಕ್ ಊರಿನಲ್ಲಿ ಈ ದೋಣಿ ಹಿಡಿದಿದ್ದ. ಕಾಲುವೆ, ಕೆರೆ, ಜೊಂಡು, ಹಂಸ. ಜನ ಕಡಿಮೆ.

“ಹಿಮಕರಡಿ ಎಲ್ಲಿ?” ಎಂದು ಹನ್ನೆರಡು ವರ್ಷದ ಗಗನ್ ಇಂಗ್ಲಿಷಿನಲ್ಲಿ ಕೇಳಿದ. ಅವನು ಹುಟ್ಟಿದ್ದು ಇಲ್ಲೇ. ಕನ್ನಡ ಪೂರಾ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ.

“ಮುಂದೆ ಸಿಗಬಹುದು,” ಎಂದ ಹೇಮಚಂದ್ರ.

“ದಟ್ಸ್ ಎ ಕೌ, ಡ್ಯಾಡ್,” ಎಂದು ಗಗನ್ ದಡದ ಕಡೆ ಕೈ ತೋರಿಸಿದ.

ಇಷ್ಟಕ್ಕೂ ಹೇಮಚಂದ್ರ ಹೇಳಬೇಕೆಂದಿದ್ದ ಮಾತು ದೊಡ್ಡದೇನಲ್ಲ. ಕೊರೊನಾ ಬಂದಾಗಿನಿಂದ ಗೀತಾಳ ಕೆಲಸ ಕಿಲ್ಕೆನ್ನಿಯ ಆಸ್ಪತ್ರೆಯಲ್ಲಿ. ಅಲ್ಲೇ ಒಂದು ಕೋಣೆ ಮಾಡಿಕೊಂಡಿದ್ದಳು. ಮನೆ ನೂರು ಕಿಲೋಮೀಟರಿಗೂ ಆಚೆ, ಆಡಮ್ಸ್‌ಟೌನಿನಲ್ಲಿ. ಮೊದಲ ಎರಡು ತಿಂಗಳು, ಸೋಂಕು ತಂದುಬಿಟ್ಟೇನು ಎಂದು ಮನೆಗೇ ಬರಲಿಲ್ಲ. ಆಮೇಲೆ ಶನಿವಾರ ಭಾನುವಾರ ಬಂದು ಹೋಗುತ್ತಿದ್ದಳು, ಬಂದಾಗ ಅರ್ಧ ಹೊತ್ತು ನಿದ್ದೆ. ಈಗ ಆಸ್ಪತ್ರೆಯವರು ಮೂರು ವರ್ಷದ ಹುದ್ದೆ ಕೊಡುತ್ತೇವೆ, ಸೋಮವಾರದೊಳಗೆ ಹೂಂ ಅನ್ನಿ ಇಲ್ಲಾ ಊಹೂಂ ಅನ್ನಿ ಎಂದಿದ್ದರು. ಎರಡು ವಾರದ ಹಿಂದೆ, ಬಟ್ಟೆ ಮಡಿಸುತ್ತಾ, “ಏನ್ ಮಾಡ್ಲಿ?” ಎಂದು ಗೀತಾ ಕೇಳಿದ್ದಳು.

“ನಿನ್ನಿಷ್ಟ,” ಎಂದಿದ್ದ ಹೇಮಚಂದ್ರ.

ಆ ಉತ್ತರ ಉದಾರವಾಗಿದೆ ಎಂದೇ ಅವನು ಭಾವಿಸಿದ್ದ. ಅವಳು ಮಾತ್ರ ಒಂದು ಟವೆಲನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿ, ಎದ್ದು ಹೋದಳು. ಅಂದಿನಿಂದ ಆ ವಿಷಯ ಎತ್ತಿಲ್ಲ. ಅವನಿಗೆ ಬೇಕಾಗಿದ್ದದ್ದು ಇಷ್ಟೇ: ಅವಳು ಎಲ್ಲಿರುತ್ತಾಳೋ ಅಲ್ಲಿ ತಾನೂ ಇರಬೇಕು. ಕಿಲ್ಕೆನ್ನಿಯಾದರೆ ಕಿಲ್ಕೆನ್ನಿ. ಅವನ ಸಾಫ್ಟ್‌ವೇರ್ ಕೆಲಸ ಹೇಗೂ ಅಡುಗೆಮನೆಯ ಮೇಜಿನ ಮೇಲೇ ನಡೆಯುತ್ತಿತ್ತು, ಆ ಮೇಜು ಯಾವ ಊರಲ್ಲಿದ್ದರೇನು. ಆದರೆ ತಾನಾಗಿ ಬರುತ್ತೇನೆ ಎಂದರೆ ಒತ್ತಾಯ ಮಾಡಿದಂತೆ ಆದೀತೇ? ಒಬ್ಬಳೇ ಇರುವುದೇ ಅವಳಿಗೆ ಹಿಡಿಸಿದ್ದರೆ? ಇದೇ ಯೋಚನೆಯಲ್ಲಿ ಎರಡು ವಾರ ಕಳೆದು, ಇವತ್ತು ಶುಕ್ರವಾರವಾಗಿತ್ತು.

ಮಾತಾಡದಿರುವುದಕ್ಕೆ ಆ ಮನೆಯಲ್ಲಿ ಇನ್ನೊಂದು ಗಟ್ಟಿ ಪರಂಪರೆಯೂ ಇತ್ತು. ಗೀತಾಳ ತಾಯಿ ಬಸಲಿಂಗಮ್ಮ, ಕೊರೊನಾಕ್ಕೆ ಸ್ವಲ್ಪ ಮುಂಚೆ ಮೂರು ತಿಂಗಳಿಗೆಂದು ಬಂದವರು, ವಿಮಾನವಿಲ್ಲದೆ ವರ್ಷ ಮೀರಿ ಅಳಿಯನ ಮನೆಯಲ್ಲೇ ಉಳಿದಿದ್ದರು. ಅಳಿಯನ ಜೊತೆ ನೇರವಾಗಿ ಮಾತಾಡುವುದು ಅವರ ಕಡೆ ಪದ್ಧತಿಯಲ್ಲ. ಒಂದೇ ಸೂರಿನಡಿ, ಒಂದೇ ಒಲೆಯ ಅಡುಗೆ ಉಂಡು, ಅಷ್ಟು ದಿನವೂ ಅವರು ಹೇಮಚಂದ್ರನಿಗೆ ಒಂದು ಮಾತನ್ನೂ ನೇರವಾಗಿ ಹೇಳಿರಲಿಲ್ಲ. ಎಲ್ಲವೂ ಎಂಟು ವರ್ಷದ ಮೊಮ್ಮಗಳು ಅದಿತಿಯ ಮೂಲಕ. ಅವರು ಕನ್ನಡದಲ್ಲಿ ಹೇಳುವರು. ಅದಿತಿ ಅದನ್ನು ಇಂಗ್ಲಿಷಿಗೆ ಮಾಡಿ, ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ, ಮೈಸೂರಿನಲ್ಲಿ ಹುಟ್ಟಿ ಬೆಳೆದ ಅಪ್ಪನಿಗೆ ತಲುಪಿಸುವಳು.

“ಅದಿತಿ, ದೋಣಿ ಸೊಟ್ಟ ಹೊಂಟೈತಿ ಅಂತ ನಿಮ್ಮಪ್ಪಾರಿಗೆ ಹೇಳವಾ.”

“ಡ್ಯಾಡ್, ಅಜ್ಜಿ ಸೇಸ್ ದಿ ಬೋಟ್ ಈಸ್ ವಾಂಕಿ.”

“ಗಾಳಿ ಇದೆ ಅಂತ ಹೇಳು.”

“ಅಜ್ಜಿ, ವಿಂಡ್.”

“ಗಾಳಿ ಮರಕ್ಕ ಹತ್ತವಲ್ದು, ದೋಣಿಗಷ್ಟ ಹತ್ತೈತೇನು ಅಂತ ಕೇಳು.”

ಅದಿತಿ ಸ್ವಲ್ಪ ಯೋಚಿಸಿ, “ಶಿ ಡಸಂಟ್ ಬಿಲೀವ್ ಯು,” ಎಂದು ಚುಟುಕಾಗಿ ಮುಗಿಸಿದಳು.

ಮೊದಲ ದಿನ ಹೀಗೇ ಕಳೆಯಿತು. ಕಾಲುವೆಯಲ್ಲಿ ಮೆಟ್ಟಿಲಿನಂತೆ ನೀರನ್ನು ಏರಿಸಿ ಇಳಿಸುವ ಬಾಗಿಲುಗಳಿದ್ದವು. ಅವುಗಳ ಒಳಗೆ ನೀರು ಏರಲು ಕಾಯುವಾಗ ಹೇಳಬಹುದು ಎಂದು ಹೇಮಚಂದ್ರ ಲೆಕ್ಕ ಹಾಕಿದ್ದ. ಮೊದಲ ಬಾಗಿಲಲ್ಲಿ ಗಗನ್ ಹಗ್ಗ ಬಿಟ್ಟುಬಿಟ್ಟ. ಎರಡನೆಯದರಲ್ಲಿ ಹಂಸವೊಂದು ಬಸಲಿಂಗಮ್ಮನವರ ಕೈಯಿಂದ ಚಕ್ಕುಲಿ ಕಿತ್ತುಕೊಂಡು ರಂಪವಾಯಿತು. ಮೂರನೆಯದರಲ್ಲಿ ಯಾವ ಅಡ್ಡಿಯೂ ಬರಲಿಲ್ಲ. ಗೀತಾ ಪಕ್ಕದಲ್ಲೇ, ಕೆನ್ನೆಗೆ ಕೈ ಕೊಟ್ಟುಕೊಂಡು, ಏರುವ ನೀರನ್ನು ನೋಡುತ್ತಾ ನಿಂತಿದ್ದಳು. ಹೇಮಚಂದ್ರ ಗಂಟಲು ಸರಿಮಾಡಿಕೊಂಡ. ಅವಳು ತಿರುಗಿದಳು.

“ನೀರು ಏರ್ತಾ ಇದೆ,” ಎಂದ ಹೇಮಚಂದ್ರ.

“ಹೂಂ,” ಎಂದಳು ಗೀತಾ. ನೀರು ಏರಿತು.

ಸಂಜೆ ಒಂದು ಕೆರೆ ಸಿಕ್ಕಿತು. ಮಕ್ಕಳು ವಾವ್ ಎಂದರು. ಬಸಲಿಂಗಮ್ಮ ಒಮ್ಮೆ ಕತ್ತು ತಿರುಗಿಸಿ ನೋಡಿ, “ನಮ್ಮ ಸೂಳೆಕೆರಿ ಇದರಪ್ಪನಷ್ಟೈತಿ,” ಎಂದು, ಒಳಗೆ ಹೋಗಿ ಅವಲಕ್ಕಿಗೆ ಒಗ್ಗರಣೆ ಹಾಕಿದರು. ಕೆರೆಯ ದಡದ ಸಣ್ಣ ಕಟ್ಟೆಗೆ ದೋಣಿ ಕಟ್ಟಿದರು. ಊಟ ಮಾಡುವಾಗ ಗೀತಾ, ನಾಳೆ ಬೇಗ ಹೊರಡೋಣ ಎಂದಳು. ಬೇರೆ ದೋಣಿಗಳು ಏಳುವ ಮುಂಚೆ, ಮಂಜು ಇನ್ನೂ ನೀರಿನ ಮೇಲೆ ಇರುವಾಗ, ಮುಂದಿನ ಕೆರೆಗೆ ಹೋಗಬೇಕು. ಯಾರೂ ಮಾತಾಡಬಾರದು. ಅಷ್ಟಾದರೆ ನಾರ್ವೆಗೆ ಹೋದಂತೆಯೇ ಲೆಕ್ಕ.

“ಬೇಗ ಅಂದ್ರ ನನ್ನ ಪೂಜಿ?” ಎಂದರು ಬಸಲಿಂಗಮ್ಮ. ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸುವವರೆಗೆ ಅವರು ಗುಟುಕು ನೀರೂ ಕುಡಿಯುವವರಲ್ಲ.

“ದೋಣಿ ಹೋಗ್ತಿರುವಾಗಲೇ ಮಾಡಮ್ಮ. ಮುಂದ್ಗಡೆ ಜಾಗ ಇದೆಯಲ್ಲ.”

ಬಸಲಿಂಗಮ್ಮ ವಿಚಾರ ಮಾಡಿದರು. “ಅಡ್ಡಿಯಿಲ್ಲ. ಆದ್ರ ನಾ ಕುಂತಾಗಿಂದ ಏಳೋತನ ದೋಣಿ ಮೂಡಲಕ್ಕ ಮಾರಿ ಮಾಡಿರಬೇಕು. ಅದಿತಿ, ನಿಮ್ಮಪ್ಪಾರಿಗೆ ಹೇಳು.”

ಅದಿತಿ ಹೇಳಿದಳು. ಈಸ್ಟ್, ಡ್ಯಾಡ್. ದಿ ಹೋಲ್ ಟೈಮ್.

ಹೇಮಚಂದ್ರ ನಕ್ಷೆ ನೋಡಿದ. ದಾರಿ ಮೊದಲು ಮೂಡಣಕ್ಕೇ ಹೋಗುತ್ತಿತ್ತು. ಕೆರೆಗೆ ಸೇರಿದ ಸ್ವಲ್ಪ ಹೊತ್ತಿಗೆ ಬಡಗಣಕ್ಕೆ ತಿರುಗುತ್ತಿತ್ತು. ಅಷ್ಟರೊಳಗೆ ಪೂಜೆ ಮುಗಿದಿರುತ್ತದೆ. ಎಷ್ಟು ಹೊತ್ತು ಬೇಕು ಎಂದು ಕೇಳಬಹುದಿತ್ತು. “ಗ್ರ್ಯಾಂಡ್ ಅಂತ ಹೇಳು,” ಎಂದ.

ಮರುದಿನ ಬೆಳಿಗ್ಗೆ ಮಂಜು ಗೀತಾ ಬಯಸಿದಷ್ಟೇ ಇತ್ತು. ಬಸಲಿಂಗಮ್ಮ ದೋಣಿಯ ಟ್ಯಾಂಕಿನ ನೀರೆಲ್ಲ ಖಾಲಿಯಾಗುವಂತೆ ತಲೆಗೆ ಸ್ನಾನ ಮಾಡಿ, ದಡದ ಬೇಲಿಯಿಂದ ಕಿತ್ತ ಕೆಂಪು ಹೂವಿನೊಂದಿಗೆ ದೋಣಿಯ ಮೂತಿಯಲ್ಲಿ ಮಣೆಯಿಲ್ಲದ್ದಕ್ಕೆ ಲೈಫ್ ಜಾಕೆಟ್ ಹಾಸಿಕೊಂಡು ಕೂತರು. ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ. ಮಕ್ಕಳು ಹೊದಿಕೆ ಸುತ್ತಿಕೊಂಡು ಬೆಂಚಿನ ಮೇಲೆ. ಗೀತಾ ಚಹಾದ ಲೋಟ ಹಿಡಿದು ಹೇಮಚಂದ್ರನ ಪಕ್ಕ. ಎಂಜಿನ್ ಗೊರಗೊರ ಎನ್ನುತ್ತಿತ್ತು, ಅಷ್ಟೇ. ಮಂಜಿನೊಳಗಿಂದ ಒಂದು ಬಕಪಕ್ಷಿ ಎದ್ದು, ಯಾವ ಅವಸರವೂ ಇಲ್ಲದೆ ಹಾರಿಹೋಯಿತು. ಗೀತಾಳ ಹೆಗಲು ಇಳಿದದ್ದನ್ನು ಹೇಮಚಂದ್ರ ನೋಡಿದ. ಒಂದೂವರೆ ವರ್ಷದಿಂದ ಅವಳ ಹೆಗಲು ಕಿವಿಯ ಹತ್ತಿರವೇ ಇತ್ತು.

ಈಗ ಹೇಳಬೇಕು. ‘ಗೀತಾ, ನಾವು ಬರ್ತೀವಿ.’ ಇಲ್ಲ, ‘ನಾವು’ ಎಂದರೆ ಮಕ್ಕಳ ಮರೆಯಲ್ಲಿ ಅಡಗಿದಂತಾಯಿತು. ‘ನಾನು ಬರ್ತೀನಿ.’ ಆಗ ಮಕ್ಕಳನ್ನು ಬಿಟ್ಟು ಬಂದಂತಾಯಿತು.

ಅವನು ಮಾತು ತಿದ್ದುತ್ತಿರುವಾಗ ಮಂಜಿನಲ್ಲಿ ಒಂದು ಕೆಂಪು ಕಂಬ ಕಾಣಿಸಿತು. ಅಲ್ಲಿ ಬಡಗಣಕ್ಕೆ ತಿರುಗಬೇಕು. ತಿರುಗಿದರೆ ಅತ್ತೆಯ ಮುಖವೂ ಬಡಗಣಕ್ಕೆ ತಿರುಗುತ್ತದೆ. ಅವರ ಕಣ್ಣು ಅಂಗೈಯ ಮೇಲೆ ನೆಟ್ಟಿತ್ತು. ಕೇಳೋಣವೆಂದರೆ ಪೂಜೆಯಲ್ಲಿರುವವರನ್ನು ಮಾತಾಡಿಸುವಂತಿಲ್ಲ. ಪೂಜೆಯಲ್ಲಿ ಇಲ್ಲದಿದ್ದರೂ ಅವನು ಮಾತಾಡಿಸುವಂತಿಲ್ಲ. ಮಾತಾಡಿಸಬೇಕಾದ ಅದಿತಿ ಬೆಂಚಿನ ಮೇಲೆ ಬಾಯಿ ತೆರೆದು ನಿದ್ದೆಹೋಗಿದ್ದಳು. ಇನ್ನು ಸ್ವಲ್ಪ ದೂರ ಮೂಡಣಕ್ಕೇ ಹೋದರೆ ಏನಾದೀತು, ನೀರು ನೀರೇ ತಾನೆ, ಎಂದುಕೊಂಡು ಹೇಮಚಂದ್ರ ಕೆಂಪು ಕಂಬವನ್ನು ತಪ್ಪಾದ ಪಕ್ಕದಿಂದ ದಾಟಿ ನೇರ ಹೋದ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎರಡೂ ಬದಿಗೆ ಜೊಂಡು ಬಂತು. ಆಮೇಲೆ ದೋಣಿ, ಮೆತ್ತನೆಯ ಹಾಸಿಗೆಯ ಮೇಲೆ ಉರುಳಿಕೊಂಡವರಂತೆ, ಒಂದು ನಿಟ್ಟುಸಿರಿನೊಂದಿಗೆ ಹೂಳಿನಲ್ಲಿ ಕೂತುಬಿಟ್ಟಿತು. ಚಹಾ ಚೆಲ್ಲಿತು. ಬಸಲಿಂಗಮ್ಮ ಅಲುಗಲಿಲ್ಲ. ದೋಣಿ ಮಾತ್ರ ಸರಿಯಾಗಿ ಮೂಡಣಕ್ಕೆ ಮುಖ ಮಾಡಿತ್ತು.

ಹಿಂದಕ್ಕೆ ಓಡಿಸಿ ನೋಡಿದ. ಕೆಸರು ಕಲಕಿತು, ದೋಣಿ ಅಲುಗಲಿಲ್ಲ.

“ಮೂತಿ ಸಿಕ್ಕೊಂಡಿದೆ,” ಎಂದು ಗಗನ್ ಇಂಗ್ಲಿಷಿನಲ್ಲಿ, ಬಹಳ ಖುಷಿಯಿಂದ ವರದಿ ಮಾಡಿದ. “ಎಲ್ಲಾ ಭಾರ ಹಿಂದಕ್ಕೆ ಹೋಗಬೇಕು.”

ಅದಿತಿಯನ್ನು ಎಬ್ಬಿಸಿಕೊಂಡು ಎಲ್ಲರೂ ಹಿಂದಕ್ಕೆ ಹೋಗಿ ನಿಂತರು. ದೋಣಿ ಸ್ವಲ್ಪ ಅಲುಗಿ, ಮತ್ತೆ ಕೂತಿತು. ಆಮೇಲೆ ಎಲ್ಲರೂ ಮುಂದಕ್ಕೆ ನೋಡಿದರು. ಮೂತಿಯಲ್ಲಿ ಬಸಲಿಂಗಮ್ಮ ಕಂಬದಂತೆ ಕೂತಿದ್ದರು. ಆಕೆ ತೆಳ್ಳಗಿನ ಹೆಂಗಸಲ್ಲ.

“ಅಮ್ಮನ ಪೂಜೆ ಇನ್ನೂ ಎಷ್ಟೊತ್ತೋ,” ಎಂದು ಗೀತಾ ಪಿಸುಗುಟ್ಟಿದಳು. ಪೂಜೆಯ ಹೊತ್ತಿನಲ್ಲಿ ಗಟ್ಟಿಯಾಗಿ ಮಾತಾಡುವುದು ಚಿಕ್ಕಂದಿನಿಂದಲೂ ನಿಷಿದ್ಧ.

“ಕಾಯೋಣ,” ಎಂದು ಹೇಮಚಂದ್ರನೂ ಪಿಸುಗುಟ್ಟಿದ.

ಅಷ್ಟರಲ್ಲಿ ಮಂಜಿನೊಳಗಿಂದ ಸಣ್ಣ ದೋಣಿಯೊಂದು ಬಂತು. ಉಣ್ಣೆ ಟೋಪಿ ಹಾಕಿದ್ದ ಮುದುಕ, ಮೀನಿನ ಗಾಳ. ಅವನು ನಿಂತು ನೋಡಿದ. ಜೊಂಡಿನ ನಡುವೆ ಹೊಸ ಬಿಳಿ ದೋಣಿ, ಹಿಂಬದಿಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತ ನಾಲ್ಕು ಜನ, ಮುಂಬದಿಯಲ್ಲಿ ಸೀರೆಯುಟ್ಟು ಅಂಗೈ ನೋಡುತ್ತಿರುವ ಒಬ್ಬಾಕೆ. ಅವನು ಟೋಪಿ ತೆಗೆದ. ನೀವು ಆರಾಮಾಗಿದ್ದೀರಾ, ಏನಾದರೂ ಸಹಾಯ ಬೇಕಾ ಎಂದು ಮೆಲ್ಲಗೆ ಕೇಳಿದ.

“ನೋ, ನೋ. ಗ್ರ್ಯಾಂಡ್,” ಎಂದ ಹೇಮಚಂದ್ರ.

“ಗ್ರ್ಯಾಂಡ್ ಸೋ,” ಎಂದು ಮುದುಕ ಟೋಪಿ ಹಾಕಿಕೊಂಡು, ಹುಟ್ಟು ಹಾಕುತ್ತಾ ಮಂಜಿನಲ್ಲಿ ಮಾಯವಾದ.

ಗೀತಾ ಗಂಡನನ್ನೇ ನೋಡಿದಳು. ಆಮೇಲೆ ಪಿಸುಮಾತಿನಲ್ಲಿ ಶುರುವಾಯಿತು. ಪಿಸುಮಾತಿನಲ್ಲಿ ಅಷ್ಟು ಸಿಟ್ಟು ಹಿಡಿಸುತ್ತದೆ ಎಂದು ಹೇಮಚಂದ್ರನಿಗೆ ಅಂದಿನವರೆಗೆ ಗೊತ್ತಿರಲಿಲ್ಲ.

“ರೀ. ನಾವು ಕೆಸರಲ್ಲಿ ಹೂತ್ಕೊಂಡು ನಿಂತಿದೀವಿ. ಕುಡಿಯೋಕೆ ನೀರಿಲ್ಲ. ದೇವರು ಕಳಿಸಿದ ಹಾಗೆ ಒಬ್ರು ಬಂದು ಸಹಾಯ ಬೇಕಾ ಅಂತ ಕೇಳಿದ್ರು. ನೀವು ಗ್ರ್ಯಾಂಡ್ ಅಂದ್ರಿ.”

“ಅವರಿಗೆ ತೊಂದ್ರೆ ಯಾಕೆ ಅಂತ...”

“ತೊಂದ್ರೆ. ನಾನು ಹೋದ್ವರ್ಷ ಮಾರ್ಚಲ್ಲಿ ಮನೆ ಬಿಟ್ಟು ಹೋಗುವಾಗ್ಲೂ ಹಿಂಗೇ ಅಂದ್ರಿ. ನಾವಿಲ್ಲಿ ಗ್ರ್ಯಾಂಡ್, ನೀನು ಯೋಚ್ನೆ ಮಾಡ್ಬೇಡ ಅಂತ. ದಿನಾ ಫೋನಲ್ಲಿ ಗ್ರ್ಯಾಂಡ್. ನಾನಿಲ್ದೇ ಎಲ್ರೂ ಇಷ್ಟು ಚೆನ್ನಾಗಿದಾರಲ್ಲ ಅಂತ ಅಲ್ಲಿ ಒಬ್ಳೇ ಬ್ರೆಡ್ ತಿಂತಾ ಕೂತಿರ್ತಿದ್ದೆ.”

“ಅದು ಹಾಗಲ್ಲ ಗೀತಾ.”

“ಮತ್ತೆ ಹೆಂಗೆ?”

“ವೆನ್ ಇಟ್ ವಾಸ್ ಡ್ಯಾಡ್ಸ್ ಟರ್ನ್ ವಿ ಹ್ಯಾಡ್ ಟೋಸ್ಟ್ ಫಾರ್ ಡಿನ್ನರ್, ಲೈಕ್, ಎ ಲಾಟ್,” ಎಂದು ಗಗನ್ ನಡುವೆ ಪಿಸುಗುಟ್ಟಿದ. “ಡ್ಯಾಡ್ ಅಳ್ತಿದ್ರು ಕೂಡ, ಈರುಳ್ಳಿ ಹೆಚ್ಚುವಾಗ” ಎಂಬರ್ಥದ್ದನ್ನೂ ಸೇರಿಸಿದ.

“ಈರುಳ್ಳಿ ಅಷ್ಟು ಖಾರ ಇತ್ತು,” ಎಂದ ಹೇಮಚಂದ್ರ.

ಗೀತಾಳ ಮುಖದಲ್ಲಿ ಏನೋ ಸಡಿಲವಾಯಿತು. ನಗುವೋ ಅಳುವೋ ಹೇಳುವುದು ಕಷ್ಟವಿತ್ತು. ಅವಳು ಇನ್ನೂ ಹತ್ತಿರ ಬಂದು, ಇನ್ನೂ ತಗ್ಗಿದ ದನಿಯಲ್ಲಿ, “ಸೋಮವಾರ ನಾನು ಉತ್ತರ ಹೇಳ್ಬೇಕು. ಒಂದೇ ಒಂದು ಸಲ, ನಿಮಗೇನು ಬೇಕು ಅಂತ ಹೇಳಿ. ನನಗೇನು ಬೇಕು ಅಂತಲ್ಲ. ನಿಮಗೆ,” ಎಂದಳು.

ಹೇಮಚಂದ್ರ ಬಾಯಿ ತೆರೆದ. ಮಾತು ಸಿದ್ಧವಾಗಿತ್ತು. ತಿದ್ದಿ ತೀಡಿ, ನಾಲಿಗೆಯ ತುದಿಗೆ ಬಂದು ನಿಂತಿತ್ತು. ನಾಲ್ಕೂ ಕಡೆ ಅವನು ಜೀವಮಾನದಲ್ಲಿ ಕಂಡ ಅತ್ಯಂತ ದೊಡ್ಡ ನಿಶ್ಶಬ್ದವಿತ್ತು. ಜೊಂಡು ಅಲುಗುತ್ತಿರಲಿಲ್ಲ. ಹೆಂಡತಿ ಕಾಯುತ್ತಿದ್ದಳು. ಮಕ್ಕಳೂ ಕಾಯುತ್ತಿದ್ದರು, ಅದಿತಿ ತರ್ಜುಮೆ ಮಾಡಬೇಕೋ ಏನೋ ಎಂದು ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತಿದ್ದಳು.

“ಅತ್ತೆ ಪೂಜೆ ಮುಗೀಲಿ,” ಎಂದ ಹೇಮಚಂದ್ರ.

ಗೀತಾ ಕಣ್ಣು ಮುಚ್ಚಿಕೊಂಡಳು. ಆಮೇಲೆ ಹಿಂಬದಿಯ ಕಟಕಟೆಗೆ ಒರಗಿ ಕೂತಳು. ಅವನೂ ಕೂತ. ಭುಜಕ್ಕೆ ಭುಜ ತಾಗುತ್ತಿತ್ತು. ಇನ್ನು ಮಾತಾಡುವಂತಿರಲಿಲ್ಲವಾದ್ದರಿಂದ ಅವನಿಗೆ ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ನಾಚಿಕೆಯಾಯಿತು. ಮಂಜು ಮೆಲ್ಲಗೆ ಹರಿದು, ಕೆರೆಯ ಆಚೆ ದಡ, ಅದರಾಚೆ ಒಂದು ಬೋಳು ಗುಡ್ಡ ಕಾಣತೊಡಗಿತು. ಮನೆಯಿಲ್ಲ, ಮಂದಿಯಿಲ್ಲ. ಅವಳ ತಲೆ ವಾಲಿ ಅವನ ಭುಜಕ್ಕೆ ಬಂತು. ನಿದ್ದೆಯೋ ರಾಜಿಯೋ ತಿಳಿಯಲಿಲ್ಲ. ಅವನು ಅಲುಗದೆ ಕೂತ.

ಕೊನೆಗೆ ಬಸಲಿಂಗಮ್ಮ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು ಎದ್ದರು. ಸುತ್ತ ಜೊಂಡು ನೋಡಿದರು. ಹಿಂಬದಿಯಲ್ಲಿ ಸಾಲಾಗಿ ಕೂತ ಸಂಸಾರವನ್ನು ನೋಡಿದರು.

“ಅದಿತಿ, ನಿಮ್ಮಪ್ಪಾರಿಗೆ ಹೇಳು, ನನಗ ಕಿವಿ ಚೊಲೋ ಕೇಳ್ತಾವು ಅಂತ.”

“ಡ್ಯಾಡ್, ಶಿ ಹರ್ಡ್ ಯು.”

“ಮತ್ತ ಹಿಂಗೂ ಹೇಳು. ದ್ಯಾವ್ರ ಪೂಜಿಗೆ ಅಂಜಿದ್ದು ಸರಿ. ಹೇಣ್ತಿ ಕೇಳಿದ್ದಕ್ಕ ಅಂಜಬಾರದು.”

ಅದಿತಿ ಇದನ್ನು ಇಂಗ್ಲಿಷಿಗೆ ಮಾಡಲು ಹೊರಟು, ಮಧ್ಯದಲ್ಲಿ ತಡವರಿಸಿ, “ಯು ಗೆಟ್ ದಿ ಗಿಸ್ಟ್,” ಎಂದಳು.

ಬಸಲಿಂಗಮ್ಮ ಒಂದೊಂದೇ ಹೆಜ್ಜೆ ಇಡುತ್ತಾ ಹಿಂಬದಿಗೆ ನಡೆದರು. ಅವರು ದೋಣಿಯ ನಡುವನ್ನು ದಾಟಿದ್ದೇ ತಡ, ಮೂತಿ ಕೆಸರಿನಿಂದ ಪಚಕ್ಕನೆ ಎದ್ದಿತು. ಗೀತಾ ಜಿಗಿದು ಮುಂದಕ್ಕೋಡಿ ಉದ್ದನೆಯ ಗಳವನ್ನು ಹೂಳಿಗೆ ಊರಿ ನೂಕಿದಳು. “ಹಿಂದಕ್ಕೆ, ಹಿಂದಕ್ಕೆ ತಗೊಳ್ರೀ!” ಹೇಮಚಂದ್ರ ಎಂಜಿನ್ನನ್ನು ಹಿಂದಕ್ಕೆ ಹಾಕಿದ. ದೋಣಿ ಗುಡುಗುತ್ತಾ, ಜೊಂಡನ್ನು ಕಿತ್ತುಕೊಂಡು, ಕಪ್ಪು ನೀರನ್ನು ನಾಲ್ಕೂ ಕಡೆ ಎರಚುತ್ತಾ ಹೊರಬಂತು. ಮಕ್ಕಳು ಕೇಕೆ ಹಾಕಿದರು.

ಮೂತಿಯಲ್ಲಿ ನಿಂತು, ಮೊಣಕಾಲವರೆಗೆ ಕೆಸರು ಸಿಡಿಸಿಕೊಂಡು, ಗೀತಾ ತಿರುಗಿದಳು. ಎಂಜಿನ್ನಿನ ಸದ್ದಿಗೆ ಗಂಟಲು ಹರಿಯುವಂತೆ ಕೂಗಬೇಕಾಯಿತು.

“ಸೋಮವಾರ ಹೂಂ ಅಂತೀನಿ. ಸೆಪ್ಟೆಂಬರಿಗೆ ಎಲ್ರೂ ಕಿಲ್ಕೆನ್ನಿಗೆ ಬರ್ತಿದೀರಿ. ನೀವು, ಮಕ್ಕಳು, ಅಮ್ಮ, ಎಲ್ರೂ. ಕೇಳಿಸ್ತಾ?”

“ಕಿಲ್ಕೆನ್ನಿ?” ಎಂದ ಗಗನ್, ಹರ್ಲಿಂಗ್ ಎಂಬ ಇಲ್ಲಿನ ಕೋಲು-ಚೆಂಡಿನ ಆಟ ಆಡುವವನು, ನಿಜವಾದ ದಿಗಿಲಿನಿಂದ. “ಅಲ್ಲಿ ಎಲ್ರೂ ಚಾಂಪಿಯನ್‌ಗಳೇ, ನನ್ನನ್ನ ಯಾವ ಟೀಮಿಗೂ ಸೇರಿಸಲ್ಲ.” ಗಾಬರಿಗೆ ಅದು ಕನ್ನಡದಲ್ಲೇ ಬಂದಿತ್ತು. ಯಾರೂ ಗಮನಿಸಲಿಲ್ಲ.

“ಕೇಳಿಸ್ತಾ ರೀ?”

ಹೇಮಚಂದ್ರನಿಗೆ ಕೇಳಿಸಿತ್ತು. ಎದೆಯೊಳಗೆ ಏನೋ ದೊಡ್ಡದು ತಟಕ್ಕನೆ ಜಾಗ ಬದಲಿಸಿ, ಕಣ್ಣು ಮಂಜಾಗಿ, ಮುಂದಿನ ಕಂಬ ಕೆಂಪೋ ಹಸಿರೋ ಗೊತ್ತಾಗದೆ ಹೋಯಿತು. ಅವನು ತಲೆಯಾಡಿಸಿದ. ಅಷ್ಟು ಸಾಲದು ಎನಿಸಿ ಬಾಯಿ ತೆರೆದ.

“ಎಡಕ್ಕಾ, ಬಲಕ್ಕಾ?”

ಗೀತಾ ಗಳವನ್ನು ಕೆಳಗಿಟ್ಟು, ಮುಂದಿನ ನೀರಿನತ್ತ ತಿರುಗಿದಳು. “ಎಡಕ್ಕೆ,” ಎಂದಳು.

ಅವನು ಎಡಕ್ಕೆ ತಿರುಗಿಸಿದ. ಸೆಪ್ಟೆಂಬರಿನಲ್ಲಿ ಅವರು ಕಿಲ್ಕೆನ್ನಿಗೆ ಹೋದರು. ಗಗನ್ ಅಲ್ಲಿನ ಟೀಮಿನಲ್ಲಿ ಬೆಂಚು ಕಾಯ್ದ. ಬಸಲಿಂಗಮ್ಮ ವಿಮಾನ ಸಿಕ್ಕ ಮೇಲೂ ಎರಡು ತಿಂಗಳು ಉಳಿದು, ಹೊಸ ಮನೆಯ ಬಾಗಿಲು ಮೂಡಲಕ್ಕಿಲ್ಲ ಎಂದು ಅದಿತಿಯ ಮೂಲಕ ದೂರುತ್ತಿದ್ದರು. ನೀನಿಲ್ಲದೆ ನನಗೆ ಇರಲಾಗುವುದಿಲ್ಲ ಎಂಬ ಆ ಮಾತನ್ನು ಹೇಮಚಂದ್ರ ಗೀತಾಳಿಗೆ ಎಂದೂ ಹೇಳಲಿಲ್ಲ.